ಕಾಳೀತೀರದ ಕೈಗಾ

ಉತ್ತರ ಕನ್ನಡ ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟಿ ಕಾರವಾರದ ಬಳಿ ಕಡಲನ್ನು ಸೇರುವ ಕಾಳೀನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದೆಡೆಗಳಲ್ಲಿ ಅಣೆಕಟ್ಟುಗಳನ್ನು ಕಟ್ಟಿ ವಿದ್ಯುತ್ತನ್ನು ಪಡೆಯುತ್ತಿರುವರು. ಇದೇ ನದಿಯ ದಡದಲ್ಲಿ ಪರಮಾಣುವಿನಿಂದಲೂ ವಿದ್ಯುತ್ತನ್ನು ತೆಗೆಯುವ ಕೈಗಾ ಎಂಬ ಸ್ಥಳವುಂಟು.

ನಾವು ಕಾರವಾರದಿಂದ ನದಿಯನ್ನನುಸರಿಸಿ ಪೂರ್ವಾಭಿಮುಖವಾಗಿ ಹೊರಟೆವು. ತೆಂಗಿನ ತೋಟಗಳೂ ಗದ್ದೆಗಳೂ ಹಿಂದಾದುವು. ಮಲ್ಲಾಪುರದಲ್ಲಿ ಸ್ಥಾವರದ ನೌಕರರ ವಸತಿಗಳು ಕಂಡುವು. ಅಲ್ಲಿಂದ ಮುಂದೆ ಸಹ್ಯಾದ್ರಿಯ ದಟ್ಟವಾದ ಅರಣ್ಯ. ಆ ಹಸುರಿನ ನಡುವೆ ಬಿಳಿಯ ಗುಮ್ಮಟಗಳು ಎದ್ದು ನಿಂತಿರುವುವು.

ಇಲ್ಲಿ ನಡೆಯುವ ಕಾರ್ಯವು ಮನೆಯ ಮಕ್ಕಳಿಗೂ ತಿಳಿಯುವಂತಹುದು. ಒಲೆಯೊಂದು ಹೊಸದು, ಉಳಿದುದು ಹಳೆಯ ಕ್ರಮವೇ. ಕಲ್ಲಿದ್ದಲು ಉರಿಯುವುದರ ಬದಲು ಯುರೇನಿಯಮ್ಮಿನ ಪರಮಾಣುಗಳು ಒಡೆದು ಶಾಖವು ಹುಟ್ಟುವುದು. ಭಾರಜಲವು ಆ ಶಾಖವನ್ನು ಹೊತ್ತೊಯ್ದು ಬೇರೆ ನೀರನ್ನು ಹಬೆಯಾಗಿಸುವುದು. ಹಬೆಯು ಚಕ್ರವನ್ನು ತಿರುಗಿಸುವುದು. ಆ ಹಬೆಯನ್ನು ತಣಿಸಲು ಕದ್ರಾ ಜಲಾಶಯದ ನೀರು ಬೇಕು. 2000ದಿಂದ 2011ರೊಳಗೆ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಕೆಲಸಕ್ಕೆ ತೊಡಗಿದುವು. ಮೊದಲನೆಯ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕಡೆಯವರೆಗೆ 962 ದಿನ ನಿಲ್ಲದೆ ನಡೆದು, ಆಗ ಜಗತ್ತಿನ ದಾಖಲೆಯನ್ನೇ ಮುರಿಯಿತು.

ಆದರೆ ಈ ಸ್ಥಾವರವು ವಿವಾದವಿಲ್ಲದೆ ನೆಲೆಯೂರಿತೆಂದು ವಾಚಕರು ತಿಳಿಯಬಾರದು. ಡಾಕ್ಟರ್ ಶಿವರಾಮ ಕಾರಂತರು ಇದನ್ನು ಬಲವಾಗಿ ವಿರೋಧಿಸಿದರು. ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಹೆಸರಿನಲ್ಲಿ ಲೋಕಸಭೆಯ ಚುನಾವಣೆಗೂ ನಿಂತು ಸೋತರು. 1994ರ ಮೇ ತಿಂಗಳಲ್ಲಿ, ಇಂಧನವನ್ನು ತುಂಬುವುದಕ್ಕೆ ಬಹು ಮೊದಲೇ, ಕಟ್ಟುತ್ತಿದ್ದ ಗುಮ್ಮಟವೊಂದರ ಕಾಂಕ್ರೀಟು ಕುಸಿದು ಬಿದ್ದಿತು. ಬಳಿಕ ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಿದರು.

2025ರ ಆಯವ್ಯಯದಲ್ಲಿ ಭಾರತ ಸರಕಾರವು 2047ರೊಳಗೆ ಒಂದು ಲಕ್ಷ ಮೆಗಾವಾಟಿನ ಪರಮಾಣು ಸಾಮರ್ಥ್ಯವನ್ನು ಗುರಿಯಾಗಿರಿಸಿತು. ಆಗ ದೇಶದಲ್ಲಿದ್ದುದು ಒಂಬತ್ತು ಸಾವಿರಕ್ಕಿಂತಲೂ ಕಡಮೆ. ಕೈಗಾದಲ್ಲಿಯೇ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆಯುಂಟು. ಕಲ್ಲಿದ್ದಲಿನ ಹೊಗೆಯು ಇದರಲ್ಲಿಲ್ಲವೆಂಬುದು ದೊಡ್ಡ ಲಾಭವೇ ಸರಿ. ಆದರೆ ಇದರ ವಿಕಿರಣಶೀಲ ತ್ಯಾಜ್ಯವನ್ನು ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯಬೇಕಾಗುವುದು. ಕಾಡು ಒಮ್ಮೆ ಹೋದರೆ ನಮ್ಮ ಕಾಲದಲ್ಲಿ ಮರಳದು.

ನಮ್ಮ ಮನೆಗಳ ದೀಪಕ್ಕಾಗಿ ಈ ಭಾರವನ್ನು ಹೊತ್ತವರು ಕಾಳೀತೀರದವರು. ಹೊಸ ಘಟಕಗಳ ಲೆಕ್ಕವನ್ನು ಹಾಕುವಾಗ ಅವರ ಮಾತನ್ನೂ ಮೊದಲೇ ಕೇಳುವುದು ನ್ಯಾಯ. ವಿದ್ಯುತ್ತನ್ನು ಮಿತವಾಗಿ ಬಳಸುವುದು ನಮ್ಮ ಪಾಲಿನ ಕರ್ತವ್ಯ.