ನಮ್ಮೂರ ಕಾವಲಿ ಮೇಲೆ ಸ್ಯಾಂಡ್‌ವಿಚ್

ನಾಟ್ರಾಂಪಾಳ್ಯದ ಕಡೆ ಬ್ರೆಡ್ಡು ಅಂದ್ರೆ ಜ್ವರ ಬಂದವರ ಊಟ. ಅಂಗಡೀಲಿ ಯಾರಾದ್ರೂ ಬ್ರೆಡ್ ಕೊಂಡರೆ "ಯಾಕೆ, ಮನೇಲಿ ಯಾರಿಗೆ ಹುಷಾರಿಲ್ಲ?" ಅಂತಲೇ ಕೇಳ್ತಾರೆ. ಹಾಲಲ್ಲಿ ಅದ್ದಿ ಎರಡು ದಿನ ತಿಂದು, ಜ್ವರ ಬಿಟ್ಟ ಮೇಲೆ ಮತ್ತೆ ಮುದ್ದೆ, ಸೊಪ್ಪಿನ ಸಾರು. ಅಂಚೆಟ್ಟಿಯಿಂದ ಹೊಗೇನಕಲ್ ಕಡೆ ಹೋಗೋ ದಾರಿಯ ಈ ಊರುಗಳಲ್ಲಿ ರಾಗಿಯೇ ರಾಜ. ಹಾಗಿರುವಾಗ ಮೇಷ್ಟ್ರು ಸ್ಯಾಂಡ್‌ವಿಚ್ ಬಗ್ಗೆ ಬರೆಯೋಕೆ ಹೊರಟಿದ್ದಾರಲ್ಲ ಅಂತ ನಗಬೇಡಿ. ಕಾರಣ ಇದೆ.

ಏಳನೇ ಕ್ಲಾಸಿನಲ್ಲಿ ಒಂದು ಇಂಗ್ಲಿಷ್ ಕಥೆ ಓದುತ್ತಿದ್ದಾಗ ಸ್ಯಾಂಡ್‌ವಿಚ್ ಅನ್ನೋ ಪದ ಬಂತು. ಹಾಗಂದ್ರೇನು ಅಂತ ಕೇಳಿದೆ. "ಎರಡು ಬ್ರೆಡ್ಡಿನ ಮಧ್ಯೆ ಪಲ್ಯ ಸಾರ್" ಅಂದಳು ಒಬ್ಬಳು. ಸರಿ, ಯಾರ್ಯಾರು ತಿಂದಿದ್ದೀರಿ ಅಂದ್ರೆ ಇಬ್ಬರು ಕೈ ಎತ್ತಿದರು. ಅದರಲ್ಲಿ ಒಬ್ಬ ಎತ್ತಿದ ಕೈಯನ್ನ ಹಾಗೇ ಇಳಿಸಿಬಿಟ್ಟ. ಆಮೇಲೆ ಗೊತ್ತಾಯ್ತು, ಅವನ ಅಪ್ಪ ಬೆಂಗಳೂರಲ್ಲಿ ತಳ್ಳುಗಾಡಿ ಇಟ್ಕೊಂಡು ಅದನ್ನೇ ಮಾಡಿ ಮಾರ್ತಾರಂತೆ. ಹುಡುಗನಿಗೆ ಅದನ್ನ ಹೇಳೋಕೆ ನಾಚಿಕೆ.

ನಮ್ಮ ಕಡೆ ಎಷ್ಟೋ ಮಕ್ಕಳ ಅಪ್ಪ-ಅಮ್ಮ ಹೊಸೂರು, ಬೆಂಗಳೂರಿಗೆ ದುಡಿಯೋಕೆ ಹೋಗಿದ್ದಾರೆ. ಮಕ್ಕಳು ಅಜ್ಜಿ ಹತ್ತಿರ. "ಅಪ್ಪ ಏನು ಕೆಲಸ ಮಾಡ್ತಾರೆ?" ಅಂದ್ರೆ "ಬೆಂಗಳೂರಲ್ಲಿದ್ದಾರೆ ಸಾರ್" ಅನ್ನೋದೇ ಉತ್ತರ. ಕೆಲಸದ ಹೆಸರು ಬಾಯಿಗೆ ಬರೋದೇ ಇಲ್ಲ. ಡಬ್ಬಿಯಲ್ಲಿ ರಾಗಿ ರೊಟ್ಟಿ ತಂದರೂ ಅಷ್ಟೇ, ಮುಚ್ಚಳ ಅರ್ಧ ತೆಗೆದು ಮರೆಮಾಡಿಕೊಂಡು ತಿನ್ನೋರಿದ್ದಾರೆ. ಕನ್ನಡ, ತಮಿಳು, ಇಂಗ್ಲಿಷು ಅಂತ ಮೂರು ಭಾಷೆಯ ಭಾರ ಹೊತ್ತ ಮಕ್ಕಳು ಇವರು. ಅದರ ಮೇಲೆ ನಾವು ತಿನ್ನೋದೂ ಕಡಿಮೆ, ಅಪ್ಪ ಮಾಡೋದೂ ಕಡಿಮೆ ಅನ್ನೋ ಭಾರ ಬೇರೆ ಯಾಕೆ? ಹಾಗಾಗಿ ಆ ಪದದ ಬೆನ್ನು ಹತ್ತಿ ಹೋಗೋಣ ಅಂತ ತೀರ್ಮಾನ ಮಾಡಿದೆ.

ಸ್ಯಾಂಡ್‌ವಿಚ್ ಅನ್ನೋದು ಇಂಗ್ಲೆಂಡಿನ ಒಂದು ಊರಿನ ಹೆಸರು. ಆ ಊರಿನ ಹೆಸರಿನ ಪದವಿ ಹೊತ್ತಿದ್ದ ನಾಲ್ಕನೇ ಅರ್ಲ್, ಜಾನ್ ಮಾಂಟೆಗು. ಇಸ್ಪೀಟು ಆಡ್ತಾ ಮೇಜು ಬಿಟ್ಟು ಏಳದೆ, ಬ್ರೆಡ್ಡಿನ ನಡುವೆ ಮಾಂಸ ಇಟ್ಟುಕೊಂಡು ತಿನ್ತಿದ್ದ ಅಂತ ಕಥೆ. ಕಥೆ ನಿಜವೋ ಸುಳ್ಳೋ, 1762ರಲ್ಲಿ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಈ ತಿಂಡಿಯ ಹೆಸರು ಬರೆದಿಟ್ಟಿದ್ದಾನೆ.

ಅಮೆರಿಕದಲ್ಲಿ ಡೆಲಿ ಅಂತ ಅಂಗಡಿಗಳಿವೆ. ಯುರೋಪಿನಿಂದ ವಲಸೆ ಹೋದ ಜರ್ಮನ್ನರು, ಯಹೂದಿಗಳು ಬೆಳೆಸಿದ್ದು. ಅಲ್ಲಿನ ಹೆಸರಾಂತ ಬಿಸಿ ಸ್ಯಾಂಡ್‌ವಿಚ್ ರೂಬೆನ್. ಎರಡು ತುಂಡು ರೈ ಬ್ರೆಡ್, ಮಧ್ಯೆ ಉಪ್ಪುನೀರಲ್ಲಿ ಊರಿಸಿ ಬೇಯಿಸಿದ ದನದ ಮಾಂಸ, ಚೀಸ್, ಹುಳಿ ಬರಿಸಿದ ಎಲೆಕೋಸು, ಒಂದು ಖಾರ-ಸಿಹಿ ಸಾಸು. ಹೊರಗೆ ಬೆಣ್ಣೆ ಸವರಿ ಕಾವಲಿ ಮೇಲೆ ಒತ್ತಿ ಸುಡೋದು. ಇದನ್ನ ಮೊದಲು ಮಾಡಿದ್ದು ನಾವು ಅಂತ ನ್ಯೂಯಾರ್ಕಿನವರೂ ಹೇಳ್ತಾರೆ, ಒಮಾಹಾ ಊರಿನವರೂ ಹೇಳ್ತಾರೆ. ಗಡಿಯಲ್ಲಿರೋ ನಮಗೆ ಇಂಥ ಜಗಳ ಹೊಸದೇನಲ್ಲ ಬಿಡಿ!

ನನಗೆ ಹಿಡಿಸಿದ್ದು ಆ ರೈ ಅನ್ನೋ ಧಾನ್ಯ. ಚಳಿ ಜಾಸ್ತಿ, ನೆಲ ಬಡವು, ಗೋಧಿ ಸರಿಯಾಗಿ ಬರಲ್ಲ ಅನ್ನೋ ಕಡೆ ಬೆಳೆಯೋದು ಅದು. ಕಪ್ಪಗೆ, ಗಟ್ಟಿಯಾಗಿ ಇರೋ ಅದರ ರೊಟ್ಟಿ ಬಹಳ ಕಾಲ ಬಡವರ ರೊಟ್ಟಿ. ಬಿಳಿ ರೊಟ್ಟಿ ಉಳ್ಳವರದು. ಈಗ ಅದೇ ರೈ ಬ್ರೆಡ್ಡಿಗೆ ಬೆಲೆ ಜಾಸ್ತಿ. ಇದನ್ನ ಹೇಳಿದ ಕೂಡಲೇ ಕ್ಲಾಸಿನಲ್ಲಿ ಒಬ್ಬ "ಹಂಗಾದ್ರೆ ಅದು ಅವರ ರಾಗಿ ಸಾರ್" ಅಂದ. ನಾನು ಅರ್ಧ ಗಂಟೆ ಹೇಳಬೇಕು ಅಂದುಕೊಂಡಿದ್ದನ್ನ ಒಂದೇ ಮಾತಲ್ಲಿ ಮುಗಿಸಿಬಿಟ್ಟ. ನಮ್ಮ ರಾಗಿ, ಸಜ್ಜೆ, ಸಾಮೆಗಳ ಹೆಸರಲ್ಲಿ ವಿಶ್ವಸಂಸ್ಥೆ 2023ನೇ ಇಸವಿಯನ್ನ ಸಿರಿಧಾನ್ಯ ವರ್ಷ ಅಂತ ಆಚರಿಸಿತು ಅನ್ನೋದನ್ನೂ ಸೇರಿಸಿದೆ.

ಬೆಂಗಳೂರಿನಲ್ಲೂ ಇದಕ್ಕೊಬ್ಬ ದಾಯಾದಿ ಇದೆ, ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟ್. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ಶುರು ಮಾಡಿದರು. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿಯ ಪಲ್ಯವನ್ನ ಸುಟ್ಟ ಬ್ರೆಡ್ಡಿನ ಮೇಲೆ ಹರಡಿ ಕೊಡ್ತಾರಲ್ಲ, ಅದೇ. ಪರದೇಶದ ರೊಟ್ಟಿಗೆ ನಮ್ಮ ಒಗ್ಗರಣೆ.

ಸರಿ, ಒಂದು ಶನಿವಾರ ನಾವೂ ಮಾಡಿದೆವು. ಲೆಕ್ಕ ಸುಲಭ: ಹೊರಗೆ ಗರಿಗರಿ, ಒಳಗೆ ಹೊಟ್ಟೆ ತುಂಬೋದು ಒಂದು, ಹುಳಿ ಒಂದು, ಜಿಡ್ಡು-ಖಾರ ಒಂದು.

ಮಾಂಸ, ಚೀಸ್ ಜಾಗಕ್ಕೆ ಹಿತಕಿದ ಅವರೆಬೇಳೆ. ಬೇಯಿಸಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಬಾಡಿಸಿ, ನೀರು ಪೂರ್ತಿ ಆರಿದ ಮೇಲೆ ಮಸೆದುಕೊಳ್ಳಿ. ಅವರೆ ಕಾಲ ಅಲ್ಲದಿದ್ರೆ ಆಲೂಗೆಡ್ಡೆ.

ಸಾಸಿನ ಜಾಗಕ್ಕೆ ಹುಚ್ಚೆಳ್ಳು ಚಟ್ನಿ. ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ. ಅದರಲ್ಲೇ ಎಣ್ಣೆ ಇರೋದರಿಂದ ಬ್ರೆಡ್ಡು ಒಣಗಲ್ಲ.

ಹುಳಿಗೆ ಎಲೆಕೋಸು. ಸಣ್ಣಗೆ ಹೆಚ್ಚಿ, 1 ಕೆಜಿಗೆ 20 ಗ್ರಾಂ ಉಪ್ಪು ಹಾಕಿ ಚೆನ್ನಾಗಿ ಹಿಸುಕಬೇಕು. ಸ್ವಲ್ಪ ಹೊತ್ತಿಗೆ ಕೋಸೇ ನೀರು ಬಿಡುತ್ತೆ. ಇದೇ ಮಕ್ಕಳೇ ವಿಜ್ಞಾನದ ಪಾಠದ ಅಭಿಸರಣ! ಆ ನೀರಲ್ಲೇ ಮುಳುಗಿರೋ ಹಾಗೆ ಜಾಡಿಗೆ ಒತ್ತಿ, ಮೇಲೊಂದು ಭಾರ ಇಟ್ಟು, ಸಡಿಲವಾಗಿ ಮುಚ್ಚಿಡಿ. ನಮ್ಮ ಸೆಖೆಗೆ ನಾಲ್ಕೈದು ದಿನಕ್ಕೆ ಹುಳಿ ಬರುತ್ತೆ. ಮೊಸರನ್ನ ಹುಳಿ ಮಾಡೋ ಜಾತಿಯ ಬ್ಯಾಕ್ಟೀರಿಯಾಗಳದೇ ಕೆಲಸ. ಅಷ್ಟು ಕಾಯೋಕೆ ಆಗಲ್ಲ ಅಂದ್ರೆ ಉಪ್ಪು ಹಾಕಿ ಹಿಂಡಿದ ಕೋಸಿಗೆ ನಿಂಬೆರಸ ಸಾಕು.

ಬ್ರೆಡ್ಡು ಮಾತ್ರ ಅಂಗಡಿಯದು. ಬರೀ ರಾಗಿಹಿಟ್ಟಲ್ಲಿ ಬ್ರೆಡ್ ಉಬ್ಬಲ್ಲ, ಗೋಧಿಯಲ್ಲಿರೋ ಅಂಟು ರಾಗಿಯಲ್ಲಿಲ್ಲ. ಬ್ರೆಡ್ ಸಿಗದಿದ್ರೆ ಬಿಸಿ ರಾಗಿ ರೊಟ್ಟಿಯನ್ನೇ ತೆಳ್ಳಗೆ ತಟ್ಟಿ, ಮೆತ್ತಗಿರುವಾಗಲೇ ಒಳಗೆ ಹೂರಣ ಇಟ್ಟು ಮಡಚಿ. ಆರಿದ ಮೇಲೆ ಮಡಚಿದರೆ ಮುರಿಯುತ್ತೆ.

ಸುಡೋ ಹೊತ್ತಿಗೆ ಮೇಷ್ಟ್ರಾದದ್ದು ಕೈ ಇಳಿಸಿದ್ದ ಆ ಹುಡುಗ. "ಉರಿ ಜಾಸ್ತಿ ಸಾರ್, ಹೊರಗೆ ಸೀದು ಹೋಗುತ್ತೆ, ಒಳಗೆ ತಣ್ಣಗೇ ಇರುತ್ತೆ" ಅಂತ ಸೌದೆ ಹಿಂದಕ್ಕೆ ಎಳೆದ. ಬೆಣ್ಣೆ ಬೇಡ, ಬೇಗ ಕಪ್ಪಾಗುತ್ತೆ, ತುಪ್ಪ ಸವರಿ ಅಂದ. ಮೇಲೆ ತಟ್ಟೆ ಬೋರಲು ಹಾಕಿ, ನೀರು ತುಂಬಿದ ಚೊಂಬು ಇಟ್ಟ. ಎರಡೂ ಕಡೆ ಕೆಂಪಾದ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಏಟಿಗೆ ಕತ್ತರಿಸಿದ. ಕೇಳಿದ ಹುಡುಗಿಗೆ "ನಮ್ಮಪ್ಪ ಹಿಂಗೇ ಕಟ್ ಮಾಡೋದು. ದಿನಾ ನಿಂತ್ಕೊಂಡೇ ಮಾಡ್ತಾರೆ, ಕಾಲು ಊದ್ಕೊಳ್ತವೆ" ಅಂತ ಹೇಳಿದ. ದನಿ ಗಟ್ಟಿಯಾಗೇ ಇತ್ತು. ಆಮೇಲೆ ಬೇರೆ ಮಕ್ಕಳೂ ಶುರು ಮಾಡಿದರು: ನಮ್ಮಪ್ಪ ಗಾರೆ ಕೆಲಸ, ನಮ್ಮಮ್ಮ ಗಾರ್ಮೆಂಟ್ಸು, ನಮ್ಮಣ್ಣ ಹೂವಿನ ತೋಟ...

ನೋಡೋಕೆ ಬಂದಿದ್ದ ಅಜ್ಜಿಯೊಬ್ಬರು ಒಂದು ತುಂಡು ತಿಂದು, "ಹುಚ್ಚೆಳ್ಳು ಚಟ್ನಿ ಇರೋದಕ್ಕೆ ತಿನ್ನಬಹುದು ಮೇಷ್ಟ್ರೇ, ಇಲ್ದಿದ್ರೆ ಜ್ವರದ ಬ್ರೆಡ್ಡೇ" ಅಂದರು. ಅವರ ಮಾತಿಗೆ ಎದುರಿಲ್ಲ.

ಬೇರೆ ಶಾಲೆಗಳ ಟೀಚರ್‌ಗಳಿಗೆ ಒಂದು ಮಾತು. ಪಾಠದಲ್ಲಿ ಮಕ್ಕಳಿಗೆ ಗೊತ್ತಿಲ್ಲದ ತಿಂಡಿ ಬಂದರೆ ಅರ್ಥ ಬರೆಸಿ ಮುಂದೆ ಹೋಗಬೇಡಿ. ಅದನ್ನ ಮಾಡೋಕೆ ಬರೋರು ನಿಮ್ಮ ಮಕ್ಕಳ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ಆದರೆ ಒಲೆ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು. ಮತ್ತೆ ಆ ಹುಳಿಕೋಸು ಉಳಿದರೆ ಚೆಲ್ಲಬೇಡಿ, ಮಾರನೇ ದಿನ ಬಿಸಿ ಮುದ್ದೆ ಜೊತೆ ನೆಂಚಿಕೊಳ್ಳೋಕೆ ಬಹಳ ಚೆನ್ನಾಗಿರುತ್ತೆ.