ನೆರಳಿಗೆ ಹೊಕ್ಕ ಚುಕ್ಕಿ

ಉಪಗ್ರಹ ನೋಡುವ ಹುಚ್ಚಿಗೆ ಚಿಂಚೋಳಿಯಂಥ ಊರು ಸಿಗಬೇಕು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಬೆಳಕು ಬಾನಂಚನ್ನು ಮಬ್ಬು ಮಾಡಿದರೂ, ಚಂದ್ರಂಪಳ್ಳಿ ಕಾಡಿನ ಮೇಲೆ ಕತ್ತಲೆ ಇನ್ನೂ ಕತ್ತಲೆಯಾಗಿಯೇ ಇದೆ. ಮಾಳಿಗೆಗೆ ಹಾಸಿದ ಶಹಾಬಾದ್ ಫರಸಿ ಹಗಲಿನ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ಚಳಿಗಾಲದ ಸಂಜೆ ಅದರ ಮೇಲೆ ಬೆನ್ನು ಚಾಚುವುದೇ ಒಂದು ಸುಖ.

ಮೊದಲು ಕಣ್ಣಿಗೆ ಬೀಳುವುದು ಹೈದರಾಬಾದಿನಿಂದ ಏರಿದ ವಿಮಾನಗಳು. ಅವು ಮಿಣುಕುತ್ತವೆ. ಉಪಗ್ರಹಕ್ಕೆ ಸ್ವಂತ ದೀಪವಿಲ್ಲ. ಮೈಮೇಲೆ ಬಿದ್ದ ಬಿಸಿಲಿನಲ್ಲೇ ಹೊಳೆಯುತ್ತ ಸದ್ದಿಲ್ಲದೆ ಸಾಗುತ್ತದೆ. ಹೊಳೆದು, ಮಸುಕಾಗಿ, ಮತ್ತೆ ಹೊಳೆದರೆ ಅದು ಉರುಳಾಡುತ್ತ ಹೋಗುವ ಹಳೆಯ ರಾಕೆಟ್ ತುಂಡಿರಬಹುದು. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್‌ನ ಸಾಲುಗಳೂ ಬಂದಿವೆ. ಮೊದಲ ಸಲ ನೋಡಲು ಚೆಂದ, ಆಮೇಲೆ ಬರೀ ಗದ್ದಲ.

ಠೀವಿಯೆಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು. ಸುಮಾರು 400 ಕಿ.ಮೀ. ಎತ್ತರ, ಗಂಟೆಗೆ 28,000 ಕಿ.ಮೀ. ವೇಗ. ಚಿಂಚೋಳಿಯ ಬಸ್ಸು ಕಲಬುರಗಿ ಮುಟ್ಟುವ ಹೊತ್ತಿಗೆ ಅದು ಭೂಮಿಗೊಂದು ಸುತ್ತು ಮುಗಿಸಿರುತ್ತದೆ. ನನಗಂತೂ ಅದು ಬರುವುದಕ್ಕಿಂತ ಆರುವುದೇ ಇಷ್ಟ. ಊರಿಗೆ ಕತ್ತಲಾದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲು. ಭೂಮಿಯ ನೆರಳು ಮೂಡಣದಿಂದ ಏರುತ್ತ ಬರುತ್ತದೆ. ಪಡುವಣದಿಂದ ಬಂದ ನಿಲ್ದಾಣ ಅದಕ್ಕೆದುರಾಗಿ, ತುಸು ಕೆಂಪಾಗಿ, ಮೋಡದ ಚೂರೂ ಇಲ್ಲದ ಬಾನಿನಲ್ಲಿ ನೋಡನೋಡುತ್ತ ಮಾಯ. ಎಲ್ಲಿ ಆರೀತೆಂದು ಮೊದಲೇ ಬೆರಳಿಟ್ಟು ತೋರಿಸುವುದು ನಮ್ಮ ಮಾಳಿಗೆಯ ಆಟ. ಸೂರ್ಯ ಮುಳುಗಿ ಒಂದೂವರೆ ಗಂಟೆ ದಾಟಿದರೆ ಅದು ನೆತ್ತಿಯ ಮೇಲೆ ಹಾದರೂ ಕಾಣದು. ಬೆಳಗಿನ ಜಾವ ಆಟ ತಿರುವುಮುರುವು: ನೆರಳಿನಿಂದ ಹೊರಬಿದ್ದು ನಡುಬಾನಿನಲ್ಲೇ ಹೊತ್ತಿಕೊಳ್ಳುತ್ತದೆ.

"ಅದ್ರಾಗ ಖರೇನೆ ಮಂದಿ ಅದಾರೇನ್ರಿ?" ಎಂದು ಪಕ್ಕದ ಮನೆಯ ಕಾಕಾ ಒಮ್ಮೆ ಕೇಳಿದರು. 2025ರ ಜೂನ್-ಜುಲೈ; ಶುಭಾಂಶು ಶುಕ್ಲಾ ಅಲ್ಲಿದ್ದ ದಿನಗಳು. ಮಳೆಗಾಲ, ಮೋಡದ ಸಂದಿನಲ್ಲಿ ಇಣುಕಿದ್ದಷ್ಟೇ ಲಾಭ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗಕ್ಕಾಗಿ ಅವರು ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುತ್ತಿದ್ದಾರೆಂದೆ. ಕಾಕಾ ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದರು. "ತೊಗರಿ ಯಾಕ ಒಯ್ಲಿಲ್ರಿ ಮತ್ತ?" ತೊಗರಿಯ ಸೀಮೆಯಲ್ಲಿ ಇದಕ್ಕೆ ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ.

ಯಾವ ದಿನ, ಯಾವ ನಿಮಿಷಕ್ಕೆ, ಯಾವ ದಿಕ್ಕಿನಿಂದ ಬರುತ್ತದೆಂಬುದನ್ನು ಮೊಬೈಲೇ ಹೇಳುತ್ತದೆ. ದುರ್ಬೀನು ಬೇಕಿಲ್ಲ, ಹೆಚ್ಚೆಂದರೆ ಆರು ನಿಮಿಷದ ಕೆಲಸ. 2030ರವರೆಗೆ ನಡೆಸಿ, ಆಮೇಲೆ ನಿಲ್ದಾಣವನ್ನು ಕಡಲಿಗೆ ಇಳಿಸುವುದು ನಾಸಾದ ಯೋಜನೆ. ನೋಡುವ ಮನಸ್ಸಿದ್ದವರು ಈ ಚಳಿಗಾಲವೇ ಮಾಳಿಗೆ ಹತ್ತಿರಿ.