ನೆರೆಯವನ ಸುಗ್ಗಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಸೆಪ್ಟೆಂಬರಿನಲ್ಲಿ ಬರೆದು ಕೇಳಿದ: “ಉಸ್ತಾದರೇ, ಪಕ್ಕದ ಮನೆಯವರು ತಮ್ಮ ಸುಗ್ಗಿಯ ಹಬ್ಬಕ್ಕೆ ಕರೆದಿದ್ದಾರೆ. ಅವರು ಅಸಾತ್ರು ಮತದವರು. ಹೋಗಬಹುದೇ?”

ಕ್ರೈಸ್ತ ಧರ್ಮಕ್ಕೆ ಮುನ್ನ ಉತ್ತರ ಯುರೋಪಿನಲ್ಲಿದ್ದ ಓಡಿನ್, ಥಾರ್, ಫ್ರೇ ಮೊದಲಾದ ದೇವತೆಗಳ ಆರಾಧನೆಯನ್ನು ನಮ್ಮ ಕಾಲದಲ್ಲಿ ಮತ್ತೆ ಕೈಗೆತ್ತಿಕೊಂಡವರು ಇವರು. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಇವರ ಸಂಘ ಸ್ಥಾಪನೆಯಾಗಿ, ಮರುವರ್ಷವೇ ಸರಕಾರದ ಮಾನ್ಯತೆ ಪಡೆಯಿತು. ಅಮೆರಿಕದಲ್ಲಿರುವವು ಹೆಚ್ಚಾಗಿ ಚಿಕ್ಕ ಚಿಕ್ಕ ಕೂಟಗಳು. ಹಗಲಿರುಳು ಸಮವಾಗುವ ದಿನಗಳಲ್ಲಿ ಆಸುಪಾಸಿನ ಮೂರು ಕೂಟಗಳು ಒಂದು ಬಯಲಿನಲ್ಲಿ ಸೇರಲಿದ್ದವು. ಫಸಲಿನ ಒಡೆಯನೆಂದು ಅವರು ನಂಬುವ ಫ್ರೇಗೆ ರೊಟ್ಟಿ, ಧಾನ್ಯಗಳನ್ನು ಅರ್ಪಿಸುತ್ತಾರೆ. ಜೇನಿನ ಮದ್ಯ ತುಂಬಿದ ಕೊಂಬು ಕೈಯಿಂದ ಕೈಗೆ ಸಾಗುತ್ತದೆ.

ನಾವು ಒಂದೇ ಮಾತಿನಲ್ಲಿ ಉತ್ತರಿಸಿದೆವು: ಕೂಡದು.

ಆತ ಮತ್ತೆ ಬರೆದ. ತಾಯಿ ತೀರಿಕೊಂಡಾಗ ಆ ನೆರೆಯವನು ಮಸೀದಿಯ ಅಂಗಳಕ್ಕೆ ಬಂದು, ಮಯ್ಯಿತ್ ನಮಾಝ್ ಮುಗಿಯುವವರೆಗೂ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ಹಿಂದೆ ನಿಂತಿದ್ದನಂತೆ. ಅವನಿಗೆ ಹೇಗೆ ಹೇಳಲಿ ಎಂಬುದು ಈಗಿನ ಪ್ರಶ್ನೆ.

ಆ ರಾತ್ರಿ ನಾವು ಇಬ್ನ್ ಫದ್ಲಾನರ ಪ್ರವಾಸ ವರದಿಯನ್ನು ತೆರೆದೆವು. ಬಗ್ದಾದಿನ ಖಲೀಫರ ದೂತರೊಂದಿಗೆ ಹೊರಟ ಅವರು ಕ್ರಿ.ಶ. 922ರಲ್ಲಿ ವೋಲ್ಗಾ ತೀರದಲ್ಲಿ ಉತ್ತರದ ರೂಸ್ ಜನರನ್ನು ಕಂಡರು. ಮನುಷ್ಯಮುಖ ಕೆತ್ತಿದ ಮರದ ಕಂಬದ ಮುಂದೆ ಅವರು ರೊಟ್ಟಿ, ಮಾಂಸ, ಈರುಳ್ಳಿ, ಹಾಲು, ಮದ್ಯ ಇಡುವುದನ್ನು ವಿವರವಾಗಿ ಬರೆದರು. ಅವರ ಕೊಳಕನ್ನು ಖಂಡಿಸಲು ಹಿಂಜರಿಯಲಿಲ್ಲ. ಅವರ ಮೈಕಟ್ಟನ್ನು ಖರ್ಜೂರದ ಮರಕ್ಕೆ ಹೋಲಿಸಲೂ ಹಿಂಜರಿಯಲಿಲ್ಲ. ಸತ್ತವರನ್ನು ಮಣ್ಣಿಗೆ ಹಾಕುವ ಅರಬರು ಮೂರ್ಖರೆಂದು ರೂಸನೊಬ್ಬ ನಕ್ಕದ್ದನ್ನೂ ಮುಚ್ಚಿಡದೆ ದಾಖಲಿಸಿದರು. ಅವರು ನಿಂತು ನೋಡಿ, ಕೇಳಿ ಬರೆದವರು. ನಾವಾದರೋ ಏನನ್ನೂ ಕೇಳದೆ ತೀರ್ಪಿತ್ತಿದ್ದೆವು. ತೀರ್ಪು ತಪ್ಪಾಗಿರಲಿಲ್ಲ, ಆದರೆ ಅದನ್ನು ಹೇಳಿದ ರೀತಿ ಉಸ್ತಾದನಿಗೆ ತಕ್ಕುದಾಗಿರಲಿಲ್ಲ.

ಮೆಕ್ಲೆನ್‌ಬುರ್ಗಿನ ರೈತರು ಕಡೆಯ ತೆನೆಗಳನ್ನು ವೋಡನನ ಕುದುರೆಗೆಂದು ಹೊಲದಲ್ಲೇ ಬಿಡುತ್ತಿದ್ದರೆಂದು ಓದಿದ್ದೇವೆ. ಮಳೆಯಿಂದ ಬೆಳೆದ ಫಸಲಿನ ಹತ್ತನೆಯ ಒಂದು ಪಾಲು ಬಡವರದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಕುದುರೆಗೂ ಬಡವರಿಗೂ ಅಜಗಜಾಂತರ. ಆದರೂ ಕಣಜ ಪೂರ್ತಿ ತನ್ನದಲ್ಲವೆಂದು ಆ ರೈತನೂ ತಿಳಿದಿದ್ದ.

ಎರಡನೆಯ ಪತ್ರ ದೀರ್ಘವಾಯಿತು. ಆರಾಧನೆಯಲ್ಲಿ ನಿಲ್ಲಬೇಡ, ಕೊಂಬನ್ನು ಮುಟ್ಟಬೇಡ, ಅರ್ಪಿಸಿದ್ದನ್ನು ತಿನ್ನಬೇಡ. ಕಾರಣವನ್ನು ನೆರೆಯವನ ಮುಂದೆ ಕುಳಿತು ನೀನೇ ಹೇಳು, ನೆಪ ಹೂಡಬೇಡ ಎಂದು ಬರೆದೆವು.

ಆತ ಹೇಳಿದ. ಹಬ್ಬದ ದಿನ ಬೆಳಗ್ಗೆ ಬೆಂಚುಗಳನ್ನು ಹೊತ್ತು ಬಯಲಿಗೆ ತಲುಪಿಸಿ, ವಿಧಿ ಆರಂಭವಾಗುವ ಮುನ್ನ ಮನೆಗೆ ಮರಳಿದ. ಸಂಜೆ ನೆರೆಯವನು ಬಾಗಿಲು ತಟ್ಟಿದ. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯಿತ್ತು. “ಇದನ್ನು ಬಯಲಿಗೆ ಒಯ್ಯಲೇ ಇಲ್ಲ. ಬೆಳಗ್ಗೆಯೇ ನಿಮಗೆಂದು ತೆಗೆದಿಟ್ಟಿದ್ದೆ” ಎಂದನಂತೆ.